ಎಲ್ಲರಿಗೂ ಮೂವತ್ತೈದು ಗಂಟೆ

ಮಿರಾಂಡೆಲಾ,
14 ಅಕ್ಟೋಬರ್ 2016

ಪ್ರೀತಿಯ ಅಮ್ಮ,

ಮೊದಲು ನಿನ್ನ ಆಶೀರ್ವಾದ ಕೊಡು. ಅಲ್ಲಿಂದಲೇ "ದೇವ್ರು ಒಳ್ಳೇದು ಮಾಡ್ಲಿ" ಎಂದು ನೀನು ಗೊಣಗಿದೆ ಎಂದುಕೊಂಡು ಮುಂದೆ ಬರೆಯುತ್ತೇನೆ. ತಡವಾಯಿತು, ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ನೀನು ಬಲಗಿವಿಗೆ ಫೋನ್ ಒತ್ತಿಕೊಂಡು ಕೇಳಿಸದಿದ್ದರೂ ಹೂಂ ಹೂಂ ಎನ್ನುತ್ತೀಯ. ನಾನೋ ಮೊದಲೇ ಮೆತ್ತಗೆ ಮಾತಾಡುವವಳು. ಇಟ್ಟ ಮೇಲೆ ನಿನಗೆ ಏನು ಮುಟ್ಟಿತು, ಏನು ಮುಟ್ಟಲಿಲ್ಲ ಎಂದು ಯೋಚಿಸುತ್ತಾ ಕೂರುತ್ತೇನೆ. ಕಾಗದವೇ ವಾಸಿ.

ಕೆಲಸ ಸಿಕ್ಕಿದೆ ಅಮ್ಮ. ಸಾಹಿತ್ಯ ಓದಿದವಳಿಗೆ ಎಂಥ ಕೆಲಸ ಎಂದು ನಗಬೇಡ. ಕಂಪನಿಗಳು ತಮ್ಮ ಕೆಲಸಗಾರರಿಗೆ ಹೊಸದೇನಾದರೂ ಕಲಿಸಲು ಎಷ್ಟು ಹೊತ್ತು, ಎಷ್ಟು ಹಣ ಹಾಕುತ್ತವೆ ಎಂದು ಸಮೀಕ್ಷೆ ನಡೆಯುತ್ತಿದೆ. ಯುರೋಪಿನ ಎಲ್ಲ ದೇಶಗಳಲ್ಲೂ ಇದೇ ಪ್ರಶ್ನೆಗಳು. ಉತ್ತರ ಕಳಿಸದ, ಅಥವಾ ನಂಬಲಾಗದ ಉತ್ತರ ಕಳಿಸಿದ ಕಂಪನಿಗಳಿಗೆ ನಾನು ಹೋಗಿ ಎದುರು ಕೂತು ಕೇಳಬೇಕು. ನೀನು ಸಂಜೆ ಹೊತ್ತು ಲಕ್ಸೆಂಬರ್ಗಿನಲ್ಲಿ ನೆಲ ಒರೆಸುವ ಆ ಗಾಜಿನ ಕಟ್ಟಡಕ್ಕೇ ಈ ಅಂಕಿಗಳೆಲ್ಲ ಕೊನೆಗೆ ಬಂದು ಸೇರುತ್ತವಂತೆ. ಯಾರದೋ ಮೇಜಿನ ಮೇಲೆ ಒಂದು ಸಾಲು ಕಂಡರೆ, ಅದರಲ್ಲಿ ಒಂದು ಚೂರು ನಿನ್ನ ಮಗಳದು ಎಂದುಕೋ.

ಕಲಿಕೆ ಎಂದರೆ ಏನು ಎಂಬುದಕ್ಕೇ ಒಂದು ದಪ್ಪ ಪುಸ್ತಕವಿದೆ. ಮೊದಲೇ ಯೋಜನೆ ಹಾಕಿರಬೇಕು, ಕಂಪನಿ ಖರ್ಚು ಕೊಟ್ಟಿರಬೇಕು, ಕಲಿಸುವುದೇ ಮುಖ್ಯ ಉದ್ದೇಶವಾಗಿರಬೇಕು. ಸಂಬಳದ ಹೊತ್ತಿನಲ್ಲಿ ಒಬ್ಬ ತರಗತಿಯಲ್ಲಿ ಕುರ್ಚಿಯ ಮೇಲೆ ಕೂತರೆ ಅವನ ಆ ಹೊತ್ತಿನ ಸಂಬಳವೂ ಕಂಪನಿಯ ಹೂಡಿಕೆಯೇ. ಆದರೆ ಪಕ್ಕದಲ್ಲಿ ನಿಂತು, ಬೈಸಿಕೊಂಡು, ನೋಡಿ ನೋಡಿ ಕಲಿತದ್ದು ಲೆಕ್ಕಕ್ಕಿಲ್ಲ. ನಮ್ಮ ಮೇಲಿನವರು ದೋನಾ ಫಿಲೊಮೇನಾ ಎಂದು. ಸಿಗರೇಟು ಸೇದಿ ಗಂಟಲು ಒಡೆದುಕೊಂಡ ಹೆಂಗಸು. "ನೀನು ನಾಚಿಕೆ ಹುಡುಗಿ, ಒಳ್ಳೇದೇ ಆಯ್ತು," ಎಂದರು. "ನೀನು ಸುಮ್ನೆ ಕೂತ್ರೆ, ಆ ಮೌನ ತಡ್ಕೊಳಕ್ಕಾಗ್ದೆ ಅವ್ರೇ ನಿಜ ಬಾಯ್ಬಿಡ್ತಾರೆ. ಅದಕ್ಕೂ ಮುಂಚೆ ಆ ಗುಟ್ಟಿನ ಮಾತು ಮಾತ್ರ ಓದಿ ಹೇಳು, ಮರೀಬೇಡ." ಗುಟ್ಟಿನ ಮಾತೆಂದರೆ ಇಷ್ಟು: ನೀವು ಹೇಳಿದ್ದು ಅಂಕಿಅಂಶಕ್ಕಲ್ಲದೆ ಬೇರೆ ಯಾವುದಕ್ಕೂ ಬಳಕೆಯಾಗುವುದಿಲ್ಲ, ತೆರಿಗೆಯವರಿಗಿಲ್ಲ, ಪೊಲೀಸರಿಗಿಲ್ಲ, ಕೋರ್ಟಿಗೂ ಇಲ್ಲ.

ಹೋದ ವಾರ ಹೆದ್ದಾರಿಯಾಚೆಯ ಹಂದಿ ಕಸಾಯಿಖಾನೆಗೆ ಕಳಿಸಿದರು. ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಮೂವತ್ತೈದು ಗಂಟೆ ತರಬೇತಿ ಎಂದು ಬರೆದುಕೊಟ್ಟಿದ್ದರು. ಕಾನೂನು ಕೇಳುವಷ್ಟೇ, ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಾಲೀಕರ ಮಗ ಇಂಜಿನಿಯರ್ ವಾಸ್ಕೊ ಎದುರು ಕೂತ. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಕಾಫಿ ತರಿಸಿದ, ಮಗಳ ಫೋಟೋ ತೋರಿಸಿದ. ಪದವಿ ಮಾಡಿದವರನ್ನೆಲ್ಲ ಕರೆಯುವಂತೆ ನನ್ನನ್ನೂ ಡಾಕ್ಟ್ರೇ ಎಂದ. ನಾನು ಗುಟ್ಟಿನ ಮಾತು ಓದಿದೆ. ಆಮೇಲೆ, ಈ ಮೂವತ್ತೈದು ಗಂಟೆ ಯಾವಾಗ ಕಲಿಸಿದಿರಿ ಎಂದು ಕೇಳಿ, ಸುಮ್ಮನೆ ಕೂತೆ.

"ಮೂವತ್ತೈದು ಅಂತ್ಲೇ ಇರ್ಲಿ ಡಾಕ್ಟ್ರೇ," ಎಂದ. ನಾನು ಮಾತಾಡಲಿಲ್ಲ. ಅವನು ನಕ್ಕ. "ಸರಿ. ಹಂದಿ ಸಾಗ್ಸೋ ಲೈನ್ ಕೆಟ್ಟು ನಿಲ್ಲುತ್ತಲ್ಲ, ಆಗ ಎಲ್ರನ್ನೂ ಕ್ಯಾಂಟೀನಲ್ಲಿ ಕೂರ್ಸಿ ಒಂದು ವಿಡಿಯೋ ಹಾಕ್ತೀವಿ. ಅದೇ ವಿಡಿಯೋ. ಸಹಿ ಹಾಕ್ತಾರೆ."

"ಮೂಳೆ ಕುಯ್ಯೋ ಗರಗಸಕ್ಕೆ?"

"ಅದಕ್ಕೆ ಯಾರೂ ಯಾರಿಗೂ ಕಲ್ಸಿಲ್ಲ. ನಿಂತು ನೋಡಿದ್ರೆ ಬರುತ್ತೆ. ಇದು ನಮ್ಮಿಬ್ರಲ್ಲೇ ತಾನೇ?"

"ಹೌದು," ಎಂದೆ.

ಕೆಳಗೆ ಹಾಲ್ ತೋರಿಸಲು ಕರೆದುಕೊಂಡು ಹೋದ. ಅಮ್ಮ, ಅಲ್ಲಿ ಅಪ್ಪ ಇದ್ದ.

ಬ್ರಗಾನ್ಸಾದ ಕಡೆ ಎಲ್ಲೋ ಇದ್ದಾನೆ ಎಂದುಕೊಂಡಿದ್ದೆವಲ್ಲ. ಇಲ್ಲೇ, ನಾನು ದಿನಾ ಬಸ್ಸು ಹತ್ತುವ ದಾರಿಯಲ್ಲೇ. ಕೊಕ್ಕೆಗಳಲ್ಲಿ ತಲೆಕೆಳಗಾಗಿ ಬರುವ ಹಂದಿಗಳ ನಡುವೆ ಮೊಣಕೈವರೆಗೆ ರಕ್ತವಾಗಿ ನಿಂತಿದ್ದ. ಕೂದಲು ಪೂರ್ತಿ ಬಿಳಿ. ಅವನ ಎಡಕ್ಕೆ ಒಬ್ಬ ಹೊಸಬ, ಸೆಲೆಸ್ತೀನು ಎಂದು. ನಲವತ್ತು ದಾಟಿದವನು, ಬೇಕರಿ ಮುಚ್ಚಿಹೋಯಿತೆಂದು ಇಲ್ಲಿಗೆ ಸೇರಿದವನು. ಅಲ್ಲಿಯ ಪದ್ಧತಿ ನಿನಗೆ ಗೊತ್ತಿರುವುದೇ: ಜ್ಞಾನಸ್ನಾನಕ್ಕೆ ಇದ್ದ ಹಾಗೆ ಚಾಕುವಿಗೂ ಒಬ್ಬ ಜ್ಞಾನಪಿತ, ಕೆಲಸ ಕಲಿಸಿ ಹೊಸಬನ ಹೊಣೆ ಹೊರುವವನು. ಸೆಲೆಸ್ತೀನುವಿಗೆ ಅಪ್ಪನೇ ಜ್ಞಾನಪಿತ. ಹೊಸಬ ತಪ್ಪು ಕಡೆಗೆ ಕುಯ್ದರೆ ಚಾಕು ಮಸೆಯುವ ಉಕ್ಕಿನ ಸಲಾಕೆಯಿಂದ ಬೆರಳ ಗೆಣ್ಣಿಗೆ ಒಂದು ಏಟು. ನಾನಿದ್ದಾಗಲೇ ಒಂದು ಬಿತ್ತು. ಟಕ್ ಎಂದು ಸದ್ದಾಯಿತು. ಸೆಲೆಸ್ತೀನು ಕೈ ಕೊಡವಿಕೊಂಡ.

"ಏ ಬ್ರೆಡ್ಡು," ಎಂದು ಆಚೆಯಿಂದ ಒಬ್ಬ ಕೂಗಿದ. "ಹಂದಿ ತೊಡೆ ಮಾರಾಯ ಅದು, ಹಿಟ್ಟಲ್ಲ. ನಾದ್ಬೇಡ."

"ನಿನ್ನ ಮದುವೆ ಕೇಕ್ ನಾನೇ ಮಾಡಿದ್ದು. ಅದನ್ನ ತಿಂದೂ ಬದುಕಿದೀಯಲ್ಲ," ಎಂದ ಸೆಲೆಸ್ತೀನು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವನು ನಗುವುದನ್ನು ನಾನು ನೋಡಿರಲಿಲ್ಲ.

ಆಮೇಲೆ ನನ್ನನ್ನು ನೋಡಿದ. ವಾಸ್ಕೊ ಅತ್ತ ಹೋದ ಮೇಲೆ ಹತ್ತಿರ ಬಂದು, "ಊಟ ಆಯ್ತಾ?" ಎಂದ. ಆಯ್ತು ಎಂದೆ. ಏನು ಕೇಳಿಕೊಂಡು ಬಂದಿದ್ದೀಯ ಎಂದ. ಸೆಲೆಸ್ತೀನುವಿಗೆ ಎಷ್ಟು ಗಂಟೆ ಕಲಿಸಿದೆ ಎಂದು ಕೇಳಿದೆ. ಬೇರೇನು ಕೇಳಬೇಕೆಂದು ತೋಚಲಿಲ್ಲ.

"ಗಂಟೆ ಏನ್ ಗಂಟೆ. ಅವ್ನು ತನ್ನ ಕೈ ಕುಯ್ಕೊಳ್ಳೋದು ನಿಲ್ಸೋ ತನಕ."

ಯೋಜನೆ ಇಲ್ಲ, ಖರ್ಚಿಲ್ಲ. ಪುಸ್ತಕದ ಪ್ರಕಾರ ಅದಕ್ಕೆ ಸೊನ್ನೆ ಹಾಕಿದೆ.

ಹೊರಡುವಾಗ ಕೇಳಿದ, "ನಿಮ್ಮಮ್ಮ?" ಚೆನ್ನಾಗಿದ್ದಾಳೆ ಎಂದೆ. ತಲೆ ತಗ್ಗಿಸಿ ಸಲಾಕೆಯನ್ನು ಏಪ್ರನ್ನಿಗೆ ಒರೆಸಿಕೊಂಡ. "ಅವ್ಳ ಕಿವಿ?" ಎಂದ. ನಾನು ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನಡೆದೆ.

ಅಪ್ಪ ಅಲ್ಲಿದ್ದಾನೆ ಎಂದು ಫಿಲೊಮೇನಾರಿಗೆ ಹೇಳಿದೆ. "ಅಪ್ಪನ್ನಲ್ಲ ನೀನು ಕೇಳ್ಬೇಕಾಗಿರೋದು, ಮಾಲೀಕನ್ನ. ಉಳಿದ ಅಂಕಿ ತಂದು ಮುಗ್ಸು," ಎಂದರು.

ಚಳಿಗೆ ಮೊಣಕಾಲು ನೋವು ಹೇಗಿದೆ? ನೀನು ಕಳಿಸಿದ ಕೋಟು ಸರಿಯಾಗಿದೆ, ತೋಳು ಮಾತ್ರ ಉದ್ದ.

ನಿನ್ನ ಮಗಳು,
ಒತೀಲಿಯಾ


ಮಿರಾಂಡೆಲಾ,
2 ಡಿಸೆಂಬರ್ 2016

ಪ್ರೀತಿಯ ಅಮ್ಮ,

ನಿನ್ನ ಆಶೀರ್ವಾದ ಈ ಸಲ ನಿಜವಾಗಿಯೂ ಬೇಕು. "ಅವನ ಹತ್ತಿರ ಹೋಗಬೇಡ" ಎಂದು ನೀನು ಒಂದೇ ಸಾಲು ಬರೆದಿದ್ದೆ. ಹೋಗಬಾರದೆಂದೇ ಇದ್ದೆ. ತರಗತಿಗೆ ಕೊಟ್ಟ ಬಾಡಿಗೆ, ಕಲಿಸಿದವರಿಗೆ ಕೊಟ್ಟ ಸಂಭಾವನೆ ಈ ಎರಡು ಅಂಕಿ ಬಾಕಿ ಇದ್ದವು. ಅದಕ್ಕೆಂದು ಹೋದೆ. ಮಹಡಿಯ ಗಾಜಿನ ಕೋಣೆಯಲ್ಲಿ ಕೂರಿಸಿ, ವಾಸ್ಕೊ ಕೆಳಗೆ ಹೋಗಿದ್ದ. ಅಲ್ಲಿಂದ ಹಾಲ್ ಪೂರ್ತಿ ಕಾಣುತ್ತದೆ. ಕಿಟಕಿ ಒಂದು ಗೇಣು ತೆರೆದಿತ್ತು, ಮಾತೂ ಕೇಳುತ್ತಿತ್ತು.

ಗರಗಸದವನು ಜ್ವರವೆಂದು ಬಂದಿರಲಿಲ್ಲ. ವಾಸ್ಕೊ ಸೆಲೆಸ್ತೀನುವಿಗೆ ಹೋಗು ಎಂದ.

ಅಪ್ಪ ಹೇಳಿದ, "ಅವ್ನಿಗೆ ನಾನು ಗರಗಸ ತೋರ್ಸಿಲ್ಲ. ನಂಗೇ ಬರಲ್ಲ ಅದು."

"ವಿಡಿಯೋ ನೋಡಿದಾನಲ್ಲಪ್ಪಾ ಅಮಾದೆವ್. ಒಂದು ಮಧ್ಯಾಹ್ನದ ಮಾತು," ಎಂದ ವಾಸ್ಕೊ ಅಪ್ಪನಿಗೆ.

ಸೆಲೆಸ್ತೀನು ಹೋದ. ಹೋಗುವ ಮೊದಲು, ಚಾಕು ಹಿಡಿಯುವವರು ಎಡಗೈಗೆ ಹಾಕುವ ಆ ಕಬ್ಬಿಣದ ಬಲೆಯ ಕೈಗವಸು ಇದೆಯಲ್ಲ, ಅದನ್ನು ಬಿಗಿಯಾಗಿ ಹಾಕಿಕೊಂಡ. ವಿಡಿಯೋದಲ್ಲಿ ಹೇಳಿದ್ದು ಅದನ್ನೇ: ಯಾವ ಕೆಲಸಕ್ಕೂ ಕೈಗವಸು ಬಿಚ್ಚಬೇಡಿ. ಚಾಕುವಿಗೆ ಅದು ಸರಿ. ಗರಗಸದ ಮುಂದೆ ಮಾತ್ರ ಅದನ್ನು ಹಾಕಲೇಬಾರದು ಅಮ್ಮ. ಹಲ್ಲು ಬಲೆಗೆ ಸಿಕ್ಕಿಕೊಂಡರೆ ಕೈಯನ್ನು ಬಿಡುವುದಿಲ್ಲ, ಒಳಕ್ಕೆ ಎಳೆದುಕೊಳ್ಳುತ್ತದೆ. ಬರಿಗೈಯಾಗಿದ್ದರೆ ಬಹುಶಃ ಬೆರಳ ತುದಿ ಹೋಗುತ್ತಿತ್ತು. ವಿಡಿಯೋ ಹೇಳಿಕೊಟ್ಟ ಹಾಗೆಯೇ ಅವನು ಮಾಡಿದ.

ಗರಗಸದ ಸದ್ದು ಒಮ್ಮೆ ದಪ್ಪವಾಯಿತು, ಅಷ್ಟೇ. ಸೆಲೆಸ್ತೀನು ಕೂಗಲಿಲ್ಲ. ಮೇಜಿನ ಆಚೆ ಬದಿಯಲ್ಲಿ ಬಲೆಯೊಳಗೆ ಸುತ್ತಿಕೊಂಡು ಬಿದ್ದಿದ್ದ ತನ್ನ ಕೈಯನ್ನೇ, ಬೇರೆ ಯಾರೋ ಮರೆತುಹೋದ ವಸ್ತುವಿನ ಹಾಗೆ ನೋಡುತ್ತಾ ನಿಂತಿದ್ದ. ರಕ್ತ ಗೋಡೆಗೆ ಹಾರಿತು. ಅಪ್ಪ ಓಡಿ ಬಂದು ಅವನನ್ನು ನೆಲಕ್ಕೆ ಕೆಡವಿ, ತೋಳಿನ ಮೇಲೆ ಮೊಣಕಾಲೂರಿ, ತನ್ನ ಬೆಲ್ಟು ಬಿಗಿದ. "ನನ್ನ ನೋಡು ಬ್ರೆಡ್ಡು. ಅಲ್ಲಿ ನೋಡ್ಬೇಡ, ಇಲ್ಲಿ, ನನ್ನ ಮುಖ ನೋಡು," ಎನ್ನುತ್ತಿದ್ದ. ಆಂಬುಲೆನ್ಸಿನವರು ಎತ್ತಿಕೊಂಡು ಹೋಗುವ ತನಕ ಬೆಲ್ಟು ಬಿಡಲಿಲ್ಲ.

ಆಮೇಲೆ ವಾಸ್ಕೊ ಒಂದು ಮಾತು ಹೇಳಿದ. ಹೆದರಿಕೆಯಿಂದ ಹೇಳಿದನೋ ಏನೋ, ಅವನ ಮುಖವೂ ಬಿಳಿಚಿತ್ತು. "ಗರಗಸಕ್ಕೆ ಗ್ಲೋವ್ಸ್ ಹಾಕ್ಬಾರ್ದು ಅಂತ ಅವ್ನಿಗೆ ಹೇಳ್ಬೇಕಾಗಿದ್ದು ಯಾರು ಅಮಾದೆವ್? ನೀನು ತಾನೇ ಅವ್ನ ಜ್ಞಾನಪಿತ? ನೀನು ಕಲ್ಸಿದ್ದು ಇದು."

ಮುಂದಿನದನ್ನು ನಾನು ನಿನಗೆ ಬರೆಯಬಾರದು. ಆದರೆ ನಿನಗಲ್ಲದೆ ಯಾರಿಗೂ ಬರೆಯಲಾರೆ.

ಮೊದಲು ಅಪ್ಪನ ಏಟು, ಅಂಗೈ ಬಿಡಿಸಿ ಎಡಗಿವಿಯ ಮೇಲೆ. ವಾಸ್ಕೊ ಗಿರಕಿ ಹೊಡೆದು ಬಿದ್ದ. ಆಮೇಲೆ ಕೂದಲು ಹಿಡಿದು ಎತ್ತಿ ನಿಲ್ಲಿಸಿದ್ದು. ಆಮೇಲೆ ಹೊಟ್ಟೆಗೆ. ಮತ್ತೆ ಎತ್ತಿ ನಿಲ್ಲಿಸಿದ್ದು. ಆ ಕ್ರಮ ನಿನಗೆ ಗೊತ್ತು ಅಮ್ಮ, ನನಗೂ ಗೊತ್ತು. ಮುಂದಿನ ಏಟು ಎಲ್ಲಿಗೆ ಎಂದು ಬೀಳುವ ಮೊದಲೇ ಗೊತ್ತಾಗುತ್ತಿತ್ತು. ಅಡುಗೆಮನೆಯ ಮೇಜಿನ ಕೆಳಗೆ ಕೂತು, ಏಟು ನಿನಗೆ ಬೀಳುತ್ತಿದ್ದರೂ ನಾನು ನನ್ನ ಎಡಗಿವಿ ಮುಚ್ಚಿಕೊಳ್ಳುತ್ತಿದ್ದೆನಲ್ಲ, ಗಾಜಿನ ಹಿಂದೆ ನಿಂತು ಅದನ್ನೇ ಮಾಡಿದೆ. ನಮ್ಮ ಮನೆಯಲ್ಲಿ ಇಲ್ಲದ್ದು ಒಂದೇ, ಆ ಉಕ್ಕಿನ ಸಲಾಕೆ. ಅದರಿಂದ ದವಡೆಗೆ ಹೊಡೆದ. ಹಲ್ಲು ನೆಲದ ಮೇಲೆ ಉರುಳಿತು. ಮತ್ತೆ ಕಣ್ಣಿನ ಹತ್ತಿರ. ಬಿದ್ದವನನ್ನು ಎತ್ತಿ, ಹಂದಿ ನೇತುಹಾಕುವ ಕೊಕ್ಕೆಗೆ ಅವನ ಕೋಟಿನ ಕತ್ತುಪಟ್ಟಿ ಸಿಕ್ಕಿಸಿ ಲೈನಿನ ಗುಂಡಿ ಒತ್ತಿದ. ವಾಸ್ಕೊ ಕಾಲು ಝಾಡಿಸುತ್ತಾ ಹಂದಿಗಳ ಸಾಲಿನಲ್ಲಿ ಮುಂದಕ್ಕೆ ಹೋದ. ಯಾರೋ ಗುಂಡಿ ಒತ್ತಿ ಲೈನು ನಿಲ್ಲಿಸಿದರು. ನಾಲ್ಕೈದು ಜನ ಅಪ್ಪನ ಮೇಲೆ ಬಿದ್ದರು. ಅವನು ಅವರನ್ನು ಹೊಡೆಯಲಿಲ್ಲ. ಸೋರುತ್ತಿದ್ದ ಪೈಪಿನ ನೀರಲ್ಲಿ ಕೂತು, "ಬ್ರೆಡ್ಡು ಕೈ ಐಸಲ್ಲಿ ಹಾಕಿದ್ರಾ?" ಎಂದು ಕೇಳಿದ.

ಈಗ ಅವನು ಜೈಲಿನಲ್ಲಿದ್ದಾನೆ. ಕೊಲೆಯತ್ನದ ಆರೋಪ. ವಾಸ್ಕೊನ ಒಂದು ಕಣ್ಣು ಇನ್ನು ಕಾಣುವುದಿಲ್ಲವಂತೆ. ಸೆಲೆಸ್ತೀನುವಿನ ಕೈಯನ್ನು ಡಾಕ್ಟರಿಗೆ ಜೋಡಿಸಲಾಗಲಿಲ್ಲ. ಕಂಪನಿಯ ವಕೀಲ ಹೇಳುವುದು ಇಷ್ಟು: ಎಲ್ಲರಿಗೂ ಮೂವತ್ತೈದು ಗಂಟೆ ತರಬೇತಿ ಆಗಿದೆ, ಗರಗಸಕ್ಕೂ ಆಗಿದೆ, ಕಲಿಸಬೇಕಾದವನು ಅಮಾದೆವ್, ಅವನು ಕಲಿಸದೆ ತಪ್ಪು ಮಾಡಿ, ಆ ತಪ್ಪು ಮುಚ್ಚಲು ಯಜಮಾನನನ್ನು ಕೊಲ್ಲಹೋದ. ಸೆಲೆಸ್ತೀನು ಕೈಗವಸು ಹಾಕಿದ್ದು ಅವನದೇ ನಿರ್ಲಕ್ಷ್ಯ, ಪರಿಹಾರವಿಲ್ಲ.

ಗರಗಸಕ್ಕೆ ಯಾರೂ ಯಾರಿಗೂ ಕಲಿಸಿಲ್ಲ ಎಂದು ವಾಸ್ಕೊ ತನ್ನ ಬಾಯಿಂದಲೇ ಹೇಳಿದ್ದನ್ನು ಕೇಳಿದವಳು ನಾನೊಬ್ಬಳೇ.

ಸೆಲೆಸ್ತೀನುವಿನ ಹೆಂಡತಿ ಜುದೀತ್ ನನ್ನ ಮನೆಗೆ ಬಂದಿದ್ದಳು. ಕೂರಲಿಲ್ಲ. "ನೀನು ಅವತ್ತು ಮೇಲ್ಗಡೆ ಕೂತು ಆ ವಾಸ್ಕೊ ಹತ್ರ ಎಲ್ಲಾ ಕೇಳ್ಕೊಂಡ್ಯಂತೆ," ಎಂದಳು. "ನನ್ ಗಂಡ ಈಗ ಅಂಗಿ ಗುಂಡಿ ಹಾಕ್ಕೊಳಕ್ಕೆ ನನ್ನ ಕರೀತಾನೆ. ಕರ್ದು ಅಳ್ತಾನೆ. ನೀನು ಏನು ಕೇಳಿದ್ಯೋ ಅದನ್ನ ಹೇಳು, ಸಾಕು."

ಫಿಲೊಮೇನಾರನ್ನು ಕೇಳಿದೆ. ಸಿಗರೇಟು ಹಚ್ಚಿದರು. "ನೀನು ಮಾತು ಕೊಟ್ಟಿದೀಯ. ಆ ಮಾತು ನಂಬಿ ತಾನೇ ಅವ್ನು ನಿಜ ಹೇಳಿದ್ದು? ಕಳ್ಳನಿಗೆ ಕೊಟ್ರೂ ಮಾತು ಮಾತೇ ಕಣೇ. ಒಂದ್ಸಲ ಒಡೆದ್ರೆ ಯಾವ ಕಂಪನಿಯವ್ನೂ ನಮ್ಗೆ ಬಾಗ್ಲು ತೆಗೆದು ನಿಜ ಹೇಳಲ್ಲ. ಕೆಲ್ಸ ಹೋಗುತ್ತೆ, ಕೇಸೂ ಬೀಳುತ್ತೆ ನಿನ್ನ ಮೇಲೆ," ಎಂದರು. ಅವರು ಹೇಳಿದ್ದರಲ್ಲಿ ಒಂದು ಮಾತನ್ನೂ ತಪ್ಪೆನ್ನಲು ನನಗಾಗಲಿಲ್ಲ.

ನಾನು ಏನು ಮಾಡಲಿ? ಅಪ್ಪನನ್ನು ಉಳಿಸಲೇ ಎಂದು ನಿನ್ನನ್ನು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಒತೀಲಿಯಾ


ಮಿರಾಂಡೆಲಾ,
20 ಅಕ್ಟೋಬರ್ 2017

ಪ್ರೀತಿಯ ಅಮ್ಮ,

ತೀರ್ಪಾಗಿ ವಾರವಾಯಿತು, ಈಗ ಬರೆಯುತ್ತಿದ್ದೇನೆ. ಕ್ಷಮಿಸು. ಬರೆದು ಹರಿದದ್ದೇ ಹೆಚ್ಚು.

"ನಿಜ ಹೇಳು ಮಗಳೇ, ಅದು ಯಾರ ತಲೆ ಮೇಲೆ ಬಿದ್ದರೂ ಸರಿ" ಎಂದು ನೀನು ಬರೆದ ಕಾಗದವನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಕೋರ್ಟಿಗೆ ಹೋದೆ. ಅದರ ಹಿಂದಿನ ದಿನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಹಂದಿಯ ತಲೆ ಇತ್ತು, ನಾಲಿಗೆ ಕತ್ತರಿಸಿತ್ತು. ಯಾರಿಗೂ ಹೇಳಲಿಲ್ಲ. ಚೀಲಕ್ಕೆ ತುಂಬಿ ಹೊಳೆಗೆ ಹಾಕಿ, ಮೆಟ್ಟಿಲು ತೊಳೆದೆ.

ನ್ಯಾಯಾಧೀಶೆ ನಿನ್ನ ವಯಸ್ಸಿನವರು. "ನೀವು ಮಗಳು. ಸಾಕ್ಷಿ ಹೇಳದೆ ಇರೋ ಹಕ್ಕು ನಿಮಗಿದೆ," ಎಂದರು. ಹೇಳುತ್ತೇನೆ ಎಂದೆ. ಕಂಪನಿಯ ವಕೀಲ ಎದ್ದು, ಸಮೀಕ್ಷೆಯಲ್ಲಿ ಕೇಳಿದ್ದನ್ನು ಇಲ್ಲಿ ಹೇಳುವುದಕ್ಕೆ ಕಾನೂನಿಲ್ಲ ಎಂದು ಶುರುಮಾಡಿದ. ನಿನಗೆ ಗೊತ್ತಲ್ಲ, ನಾನು ಅಂಗಡಿಯಲ್ಲಿ ಬ್ರೆಡ್ಡು ಕೇಳಲೂ ಸರದಿಯಲ್ಲಿ ಹಿಂದೆ ನಿಲ್ಲುವವಳು. ಅವತ್ತು ಅವನು ವಾಕ್ಯ ಮುಗಿಸುವ ಮೊದಲೇ ಎಲ್ಲ ಹೇಳಿಬಿಟ್ಟೆ. ಕ್ಯಾಂಟೀನು, ಕೆಟ್ಟು ನಿಂತ ಲೈನು, ಒಂದೇ ವಿಡಿಯೋ, ಗರಗಸಕ್ಕೆ ಯಾರೂ ಯಾರಿಗೂ ಕಲಿಸಿಲ್ಲ ಎಂದದ್ದು, ನಮ್ಮಿಬ್ಬರಲ್ಲೇ ತಾನೇ ಎಂದದ್ದು. ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ನನ್ನನ್ನು ಹಾದರಗಿತ್ತಿ ಎಂದು ಬೈದರು. ಕಸಾಯಿಖಾನೆಯ ಕೆಲಸಗಾರರು ಬೈದವನ ಮೇಲೆ ಬಿದ್ದರು. ಬೆಂಚು ಮಗುಚಿತು, ಪೊಲೀಸರು ಇಬ್ಬರನ್ನು ಎಳೆದುಕೊಂಡು ಹೋದರು. ಒಬ್ಬನ ಮೂಗಿನ ರಕ್ತ ಬಾಗಿಲವರೆಗೂ ತೊಟ್ಟಿಕ್ಕಿತ್ತು.

ಆ ಗಲಾಟೆಯಲ್ಲಿ ವಾಸ್ಕೊ ನನ್ನನ್ನೇ ನೋಡುತ್ತಿದ್ದ, ಉಳಿದ ಒಂದು ಕಣ್ಣಿಂದ. ದವಡೆ ಸೊಟ್ಟಗೆ ಕೂಡಿಕೊಂಡಿದೆ, ಮಾತು ತೊದಲುತ್ತದೆ. "ಗುಟ್ಟು ಅಂದಿದ್ರಲ್ಲ ಡಾಕ್ಟ್ರೇ," ಎಂದ. ಸಿಟ್ಟಿನಿಂದಲ್ಲ. ಇಬ್ಬರು ಮಕ್ಕಳಲ್ಲಿ ಒಂದು ಇನ್ನೊಂದಕ್ಕೆ ಹೇಳುವ ಹಾಗೆ ಹೇಳಿದ. ಅದನ್ನು ನಾನು ಮರೆಯಲಾರೆ.

ಕೊಲೆಯತ್ನವಲ್ಲ, ಕೆರಳಿಸಿದ್ದರಿಂದ ಮಾಡಿದ ತೀವ್ರ ಹಲ್ಲೆ ಎಂದು ತೀರ್ಪಾಯಿತು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಅಪ್ಪನನ್ನು ಬಿಟ್ಟರು. ಸೆಲೆಸ್ತೀನುವಿನ ಪರಿಹಾರದ ಅರ್ಜಿಯನ್ನು ಮತ್ತೆ ತೆರೆದಿದ್ದಾರೆ. ಜುದೀತ್ ಬೆಚ್ಚಗಿನ ಮೆಕ್ಕೆಜೋಳದ ಬ್ರೆಡ್ಡು ತಂದುಕೊಟ್ಟಳು. ಸೆಲೆಸ್ತೀನು ಒಂದೇ ಕೈಯಲ್ಲಿ ನಾದಿದ್ದಂತೆ. ತುಂಬ ಗಟ್ಟಿ ಇತ್ತು. ಪೂರ್ತಿ ತಿಂದೆ.

ನನ್ನ ಕೆಲಸ ಹೋಯಿತು. ಕೇಸು ಹಾಕುತ್ತಾರೋ ಇಲ್ಲವೋ ತಿಳಿಯದು. ಫಿಲೊಮೇನಾ ನನ್ನ ಚೀಲ, ಗುರುತಿನ ಚೀಟಿ ಎಲ್ಲ ತೆಗೆದುಕೊಂಡು ಬಾಗಿಲವರೆಗೆ ಬಂದರು. "ನೀನು ಮಾಡಿದ್ದು ಸರಿ ಇರ್ಬೋದು," ಎಂದರು. "ಆದ್ರೆ ಇನ್ಮೇಲೆ ಈ ಜಿಲ್ಲೇಲಿ ಎಲ್ರೂ ಮೂವತ್ತೈದು ಗಂಟೆ ಕಲ್ತೋರೇ. ಯಾರೂ ಬೇರೆ ಮಾತಾಡಲ್ಲ." ಆಮೇಲೆ ನನ್ನ ಕೋಟಿನ ಗುಂಡಿ ಹಾಕಿ ಕಳಿಸಿದರು.

ಅಪ್ಪನನ್ನು ಹೊರಗೆ ಬಿಡಬೇಕಾದರೆ ಒಂದು ಖಾಯಂ ವಿಳಾಸ ಬೇಕು ಎಂದರು. ನನ್ನದು ಕೊಟ್ಟೆ. ಅಪ್ಪ ಮುಂದಿನ ಕೋಣೆಯಲ್ಲಿ ಮಲಗುತ್ತಾನೆ. ಮಾತು ಕಮ್ಮಿ. ನಿನ್ನೆ ಮಾರುಕಟ್ಟೆಯಿಂದ ಚೆಸ್ಟ್‌ನಟ್ ತಂದು, ಸುಡುವ ಮೊದಲು ಒಂದೊಂದಕ್ಕೂ ಚಾಕುವಿನಿಂದ ಗೀರು ಹಾಕುವುದು ಹೇಗೆಂದು ನನಗೆ ತೋರಿಸಿದ. ತಪ್ಪಿ ಸಿಪ್ಪೆಯ ಕೆಳಗೆ ಕುಯ್ದೆ. ಅವನ ಕೈ ಎದ್ದಿತು, ಅರ್ಧದಲ್ಲೇ ನಿಂತಿತು. "ಹಾಗಲ್ಲ," ಎಂದ, ಅಷ್ಟೇ.

ನೀನು ಊಟ ಬಿಡಬೇಡ. ಚಳಿಗಾಲದಲ್ಲಿ ರಾತ್ರಿ ಬಸ್ಸಿಗೆ ಓಡಬೇಡ, ಮುಂದಿನದಕ್ಕೆ ಕಾಯಿ. ಮೇರಿ ತಾಯಿ ನಿನ್ನ ಮೇಲೆ ಸೆರಗು ಹೊದಿಸಿರಲಿ.

ಒತೀಲಿಯಾ

ತಾ. ಕ.: ಈ ಸಲ ನಿನ್ನ ಆಶೀರ್ವಾದ ಕೇಳಲಿಲ್ಲ. ಮೊದಲ ಸಾಲಿನಲ್ಲೇ ನಿನಗೆ ಗೊತ್ತಾಗಿರುತ್ತದೆ. ಮರೆತದ್ದಲ್ಲ.

ಗಲಾಟೆ ತಣ್ಣಗಾದ ಮೇಲೆ ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟು ಕೊನೆಯದೊಂದು ಪ್ರಶ್ನೆ ಕೇಳಿದರು. ಅಪ್ಪನನ್ನು ಮನೆಗೆ ಕಳಿಸುವುದೋ ಜೈಲಿಗೋ ಎಂಬುದು ಅದರ ಮೇಲೇ ನಿಂತಿದೆ ಎಂದು ಅವನ ವಕೀಲರು ಮೊದಲೇ ಹೇಳಿದ್ದರು. "ನಿಮ್ಮ ತಂದೆ ಇದಕ್ಕೂ ಹಿಂದೆ, ಮನೇಲಾಗ್ಲಿ ಎಲ್ಲಾಗ್ಲಿ, ಯಾರ ಮೇಲಾದ್ರೂ ಕೈ ಮಾಡಿದ್ದುಂಟಾ?" ಅಪ್ಪ ನನ್ನ ಕಡೆ ನೋಡಲಿಲ್ಲ, ಅಂಗೈ ನೋಡಿಕೊಳ್ಳುತ್ತಿದ್ದ. ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು.

ಇಲ್ಲ ಎಂದೆ.

ಗುಮಾಸ್ತ ಅದನ್ನು ಬರೆದುಕೊಂಡ. ವಾಸ್ಕೊ ನಂಬಿ ಹೇಳಿದ್ದನ್ನು ಊರೆಲ್ಲ ಕೇಳುವಂತೆ ಹೇಳಿದೆ, ನಿನ್ನ ಕಿವಿಗಾದದ್ದನ್ನು ಇಲ್ಲವಾಗಿಸಿದೆ.

ಇದನ್ನು ಬರೆಯುತ್ತಿರುವಾಗ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿತ್ತು. ನನ್ನ ಕೈ ತಾನಾಗಿ ಎಡಗಿವಿ ಮುಚ್ಚಿತು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. "ಏನಿಲ್ಲ, ಮುಚ್ಚಳ," ಎಂದ.

ಏನಿಲ್ಲ ಎಂದು ನಾನೂ ಹೇಳಿದೆ.